ಕೈ ತೊಳೆಯುವಷ್ಟು ಹೊತ್ತು

ಟ್ರೇಲರ್ ಮನೆಗಳಲ್ಲಿ ಬದುಕುವ ನಮ್ಮ ಜನರಲ್ಲಿ ಒಂದು ಕಟ್ಟುನಿಟ್ಟಿದೆ. ಪಿಕಪ್ ಟ್ರಕ್ಕಿನ ಹಿಂದೆ ಟ್ರೇಲರ್ ಸಿಕ್ಕಿಸುವ ಹಿಚ್ ಕಟ್ಟುತ್ತಿರುವವನನ್ನು ಯಾರೂ ಮಾತನಾಡಿಸಬಾರದು. ಮಾತಿಗೆ ಸಿಕ್ಕವನು ಏನಾದರೊಂದು ಮರೆಯುತ್ತಾನೆ. ಈ ನಿಯಮದಿಂದ ಎಷ್ಟೋ ಜೀವ ಉಳಿದಿರಬಹುದು, ಇಲ್ಲವೆನ್ನುವುದಿಲ್ಲ. ವರ್ನಾ ಟಟಲ್‌ಳ ಜೀವ ಮಾತ್ರ ಅದರಿಂದಲೇ ಹೋಯಿತು. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ.

ವರ್ನಾ ಮಿಸೌರಿಯವಳು. ಅಲ್ಲಿನ ಶೂ ಕಾರ್ಖಾನೆಯಲ್ಲಿ ಹೊಲಿಗೆ ಹಾಕುತ್ತಿದ್ದಳು. ಗಂಡ ಡೆಲ್ಮರ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಮನೆ ಮಾರಿ ಟ್ರೇಲರ್ ಕೊಂಡರು. ಚಳಿಗಾಲಕ್ಕೆ ಅರಿಜೋನಾದ ಮರಳುಗಾಡು, ಅಕ್ಟೋಬರಿಗೆ ನಾರ್ತ್ ಡಕೋಟದ ಸಕ್ಕರೆ ಬೀಟ್‌ಗಡ್ಡೆಯ ಕೊಯ್ಲು. ನನಗೆ ಅವಳ ಪರಿಚಯವಾದದ್ದು ಆ ಕೊಯ್ಲಿನಲ್ಲೇ. ಲಾರಿಗಳು ಗಡ್ಡೆ ಸುರಿಯುವ ಗುಡ್ಡೆಯ ಬುಡದಲ್ಲಿ ನಿಂತು ಲಾರಿಯವರನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು: "ಏನಪ್ಪಾ, ಗಡ್ಡೆ ತಂದಿದ್ಯೋ, ನಿಮ್ಮೂರ ಮಣ್ಣನ್ನೇ ಕಿತ್ಕೊಂಡು ಬಂದ್ಯೋ?" ಲಾರಿಯವರು ಅವಳ ಬಾಯಿಗೆ ಹೆದರುತ್ತಿದ್ದರು, ಅವಳಿಲ್ಲದ ದಿನ ಎಲ್ಲಿ ಅವಳು ಎಂದು ಕೇಳುತ್ತಿದ್ದರು.

ಆ ಬಾಯಿ ಒಂದೇ ಒಂದು ವಿಷಯವನ್ನು ಬಚ್ಚಿಟ್ಟುಕೊಂಡಿತ್ತು. ಅದನ್ನು ಅವಳು ನನಗೆ ಹೇಳಿದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ, ಯಂತ್ರ ಗಡಗಡ ಎನ್ನುತ್ತಿದ್ದಾಗ.

"ಪೆಗ್, ಡೆಲ್ಮರ್‌ಗೆ ಮರೆವು ಶುರುವಾಗಿದೆ ಕಣೇ. ಹಿಚ್ ಕಟ್ತಾನೆ, ಸರಪಳೀನ ಸಡಿಲ ಬಿಡ್ತಾನೆ. ಎರಡು ವರ್ಷದಿಂದ ಹೀಗೇ."

ಅಷ್ಟು ದೊಡ್ಡ ಟ್ರೇಲರನ್ನು ಟ್ರಕ್ಕಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಬರೀ ಕೂರಿಸಿ ಎಳೆಯಲಾಗುವುದಿಲ್ಲ. ಹಾಗೆ ಎಳೆದರೆ ಟ್ರಕ್ಕಿನ ಹಿಂಭಾಗ ಕುಕ್ಕರಿಸಿ ಮೂತಿ ಮೇಲೇಳುತ್ತದೆ, ಮುಂದಿನ ಚಕ್ರಗಳಿಗೆ ನೆಲದ ಹಿಡಿತ ತಪ್ಪುತ್ತದೆ, ಗಾಳಿ ಬೀಸಿದರೆ ಟ್ರೇಲರ್ ತೂರಾಡುತ್ತದೆ. ಅದಕ್ಕೇ ನಮ್ಮ ಹಿಚ್‌ಗಳಲ್ಲಿ ಎರಡು ಉಕ್ಕಿನ ಸರಳುಗಳಿರುವುದು. ಅವುಗಳ ತುದಿಯ ಸರಪಳಿಯನ್ನು ಎಳೆದು ಬಿಗಿಯಾಗಿ ಸಿಕ್ಕಿಸಿದರೆ, ತಳ್ಳುಗಾಡಿಯ ಹಿಡಿಕೆ ಎತ್ತಿದ ಹಾಗೆ, ಟ್ರಕ್ಕಿನ ಬೆನ್ನು ಮೇಲೆದ್ದು ಭಾರ ಮುಂದಿನ ಚಕ್ರಗಳಿಗೂ ಹಂಚಿಹೋಗುತ್ತದೆ. ಸರಪಳಿಯ ಒಂದೆರಡು ಕೊಂಡಿ ಸಡಿಲ ಬಿಟ್ಟರೆ ಸರಳುಗಳು ಇದ್ದೂ ಇಲ್ಲದ ಹಾಗೆ.

"ಮತ್ತೆ ನೀವು ಇಲ್ಲೀವರೆಗೂ ಬದುಕಿ ಬಂದಿದ್ದು ಹೇಗೆ ಮಾರಾಯ್ತಿ?" ಎಂದೆ.

"ಅವನು ಕಟ್ಟಿ ಮುಗಿಸಿ ನಲ್ಲಿ ಹತ್ರ ಕೈ ತೊಳೆಯೋಕೆ ಹೋಗ್ತಾನಲ್ಲ, ಆಗ ನಾನು ಬಗ್ಗಿ ಬಿಗಿಮಾಡ್ತೀನಿ. ಕೈಗೇ ಗೊತ್ತಾಗುತ್ತೆ."

"ಅದರ ಬದಲು ನೀನೇ ಕಟ್ಟಬಾರ್ದಾ?"

"ಅವನ ಎದುರಿಗಾ? ಆಮೇಲೆ ಅವನಿಗೆ ಅಂತ ಏನು ಉಳೀತು?" ಎಂದು ನನ್ನನ್ನೇ ಗದರಿದಳು. ಆಮೇಲೆ ನಕ್ಕಳು. "ರಸ್ತೆಗಿಳಿದ್ರೆ ಅವನು ಇವತ್ತಿಗೂ ರಾಜ. ನಂಗೆ ಕಣ್ಣು ಮಂಜು, ಅವನಿಗೆ ತಲೆ ಮಂಜು. ಇಬ್ಬರೂ ಸೇರಿದ್ರೆ ಒಬ್ಬ ಡ್ರೈವರ್. ಗೊತ್ತಾದ್ರೆ ಅವನ ಕೈಯಿಂದ ಬೀಗದಕೈ ಕಿತ್ಕೊಂಡು, ಅವನನ್ನ ಯಾವ್ದಾದ್ರೂ ವೃದ್ಧಾಶ್ರಮಕ್ಕೆ ಸೇರಿಸ್ತಾರೆ. ನಮಗಿರೋದು ಇದೊಂದೇ ಮನೆ, ಅದು ಓಡಿದ್ರೇನೇ ಮನೆ. ನೀನು ಬಾಯಿ ಮುಚ್ಕೊಂಡಿರ್ಬೇಕು, ಆಯ್ತಾ?"

ಆಯ್ತು ಎಂದೆ. ಅಷ್ಟು ಬಿಗಿಯಾಗಿ ಹಿಡಿದಿದ್ದಳು ನನ್ನ ಕೈಯನ್ನು.

ಕೊಯ್ಲು ಮುಗಿದ ಮರುದಿನ ವಾಯವ್ಯದ ಗಾಳಿ ಎದ್ದಿತು. ಹಿಮ ಬರುವ ಮೊದಲು ದಕ್ಷಿಣಕ್ಕೆ ಹೊರಡಬೇಕೆಂದು ಎಲ್ಲರಿಗೂ ಅವಸರ. ನಾನು ಯಂತ್ರ ತೊಳೆಯುವ ಕೊನೆಯ ಪಾಳಿಯಲ್ಲಿದ್ದೆ. ನಮ್ಮ ಟ್ರೇಲರ್‌ಗಳು ನಿಂತಿದ್ದ ಮೈದಾನದಲ್ಲಿ ನಡೆದದ್ದನ್ನು ಆಮೇಲೆ ಹೇಳಿದವಳು ಲೊರೀನ್, ಅಲ್ಲಿನ ಮೇಲ್ವಿಚಾರಕಿ. ಒಳ್ಳೆಯ ಹೆಂಗಸು, ಆದರೆ ಮಾತು ಹಿಡಿದರೆ ಬಿಡುವವಳಲ್ಲ.

ಡೆಲ್ಮರ್ ಮಂಡಿಯೂರಿ ಹಿಚ್ ಕಟ್ಟುತ್ತಿದ್ದ. ಲೊರೀನ್ ಕಾಡುಚೆರ್ರಿಯ ಜಾಮ್ ಹಿಡಿದು ಬಂದಳು. ನಿಯಮ ಗೊತ್ತಿದ್ದವಳು, ಅವನ ಗೋಜಿಗೆ ಹೋಗದೆ ವರ್ನಾಳನ್ನು ಪಕ್ಕಕ್ಕೆ ಎಳೆದುಕೊಂಡು ತನ್ನ ತಂಗಿಯ ಕಾಯಿಲೆಯ ಕಥೆ ತೆಗೆದಳು, ಅತ್ತಳು. ಅಷ್ಟರಲ್ಲಿ ಡೆಲ್ಮರ್ ಎದ್ದು ನಲ್ಲಿಯ ಕಡೆ ನಡೆದ. ವರ್ನಾ ಕೈ ಬಿಡಿಸಿಕೊಳ್ಳಲು ನೋಡಿದಳು.

"ಒಂದ್ನಿಮಿಷ ಲೊರೀನ್, ಅಲ್ಲಿಗೆ ಹೋಗ್ಬೇಕು."

"ಅವನೇ ವಾಪಸು ಬಂದು ಮುಗಿಸ್ಕೊಳ್ಲಿ ಬಿಡೇ. ಹಿಚ್ ಕಟ್ಟೋರ ಹತ್ರ ಹೋಗ್ಬಾರ್ದು ಅಂತ ನಿಂಗೆ ಗೊತ್ತಿಲ್ವಾ?" ಎಂದು ಲೊರೀನ್ ಅವಳ ಹೆಗಲ ಮೇಲೆ ತಲೆಯಿಟ್ಟಳು.

ಡೆಲ್ಮರ್ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದನಂತೆ. ವಾಪಸು ಬರುವಾಗ ಟ್ರೇಲರ್ ಸಾಲಿನವರೆಲ್ಲ ಬೀಳ್ಕೊಡಲು ಹೊರಗೆ ಬಂದಿದ್ದರು. ಅಷ್ಟು ಜನರೆದುರು ವರ್ನಾ ಹೇಗೆ ಬಗ್ಗಿಯಾಳು? ಮೊದಲು ಸಿಗುವ ಪೆಟ್ರೋಲ್ ಬಂಕಿನಲ್ಲಿ ಸರಿಮಾಡಿಕೊಂಡರಾಯಿತು ಎಂದುಕೊಂಡಿರಬೇಕು. ಡೆಲ್ಮರ್ ಕಿಟಕಿಯಿಂದ ತಲೆ ಹಾಕಿ, "ಎಲ್ಲಾ ಸರಿನಾ, ವರ್ನ್?" ಎಂದ.

"ಎಲ್ಲಾ ಸರಿ," ಎಂದು ಹತ್ತಿ ಕೂತಳು.

ನಾನು ಪಾಳಿ ಮುಗಿಸಿ ಕಾರಿನಲ್ಲಿ ಮೈದಾನದ ಕಡೆ ಬರುತ್ತಿದ್ದೆ. ದೂರದಿಂದಲೇ ಕಂಡಿತು, ಎದುರಿಗೆ ಬರುತ್ತಿದ್ದ ಡೆಲ್ಮರ್‌ನ ಟ್ರಕ್ಕಿನ ಮೂತಿ ಆಕಾಶ ನೋಡುತ್ತಿತ್ತು. ಕಾರು ನಿಲ್ಲಿಸಿ ರಸ್ತೆಗೆ ಹಾರಿ ಎರಡೂ ಕೈ ಬೀಸಿದೆ, ಕೂಗಿದೆ. ಗಾಳಿ ನನ್ನ ಕೂಗನ್ನು ಹೊಲದ ಪಾಲು ಮಾಡಿತು. ಡೆಲ್ಮರ್ ಖುಷಿಯಿಂದ ಹಾರ್ನ್ ಬಾರಿಸಿದ. ವರ್ನಾ ಕಿಟಕಿಯಿಂದ ಕೈ ಹೊರಗೆ ಹಾಕಿ ನನಗೆ ಟಾಟಾ ಮಾಡಿದಳು. ಅವರು ಹಾಗೇ ದಾಟಿ ಹೋದರು.

ಕಾರು ತಿರುಗಿಸಿ ಬೆನ್ನು ಹತ್ತಿದೆ. ಮುಂದಿನ ಹಳ್ಳದ ಸೇತುವೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದುರಿಗೆ ಬಂದ ದೊಡ್ಡ ಲಾರಿಯೊಂದರ ಗಾಳಿ ಸಾಕಾಗಿತ್ತು ಟ್ರೇಲರ್ ತೂರಾಡಲು. ಅದು ಟ್ರಕ್ಕನ್ನೂ ಎಳೆದುಕೊಂಡು ಹಳ್ಳಕ್ಕೆ ಉರುಳಿತ್ತು. ಅವಳ ಕಡೆಯ ಬಾಗಿಲು ಕೆಳಗಾಗಿತ್ತು. ಹುಲ್ಲಿನ ತುಂಬ ಅವರ ತಟ್ಟೆ, ಹೊದಿಕೆ, ಕಾಫಿಪುಡಿ.

ಡೆಲ್ಮರ್‌ಗೆ ಮುರಿದದ್ದು ಒಂದು ತೋಳು ಮಾತ್ರ. ಆಸ್ಪತ್ರೆಗೆ ಹೋದಾಗ ನನ್ನ ಗುರುತು ಹಿಡಿದ.

"ಸರಪಳಿ ಸಡಿಲ ಇತ್ತಂತೆ ಪೆಗ್. ಪೊಲೀಸಿನವನು ಹೇಳ್ದ."

ಅವಳ ಗುಟ್ಟು ಇನ್ನೂ ನನ್ನ ಬಾಯಲ್ಲೇ ಇತ್ತು.

"ನಾನು ಯಾವಾಗ್ಲೂ ಸಡಿಲಾನೇ ಬಿಡೋದಲ್ವಾ? ಅವಳು ಬಿಗೀತಾಳೆ."

"ನಿಂಗೆ ಗೊತ್ತಿತ್ತಾ?"

"ಗೊತ್ತಾಗ್ದೆ ಏನು? ಕೈ ತೊಳೆಯೋಕೆ ಅಷ್ಟು ಹೊತ್ತು ಬೇಕಾ ಯಾರಿಗಾದ್ರೂ? ಸರಪಳಿ ಸದ್ದು ಆಗಿ ನಿಲ್ಲೋವರೆಗೂ ನಲ್ಲಿ ಬಿಟ್ಕೊಂಡು ನಿಂತಿರ್ತಿದ್ದೆ. ನಂಗೆ ಗೊತ್ತು ಅಂತ ಅವಳಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾಳೆ ಅಂತ ಹೇಳ್ಲಿಲ್ಲ." ಮುರಿಯದ ಕೈಯಿಂದ ಹೊದಿಕೆಯ ಅಂಚನ್ನು ಎಳೆದೆಳೆದು ಬಿಗಿಮಾಡುತ್ತಿದ್ದ. "ಅವತ್ತು ಹಾಳು ಗಾಳಿ, ಏನೂ ಕೇಳಿಸ್ಲಿಲ್ಲ. ಅದಕ್ಕೇ ಬಾಯಿಬಿಟ್ಟು ಕೇಳ್ದೆ. ಎಲ್ಲಾ ಸರಿ ಅಂದ್ಲು. ಅಂದ್ಲಲ್ವಾ ಪೆಗ್? ನೀನೂ ಕೇಳಿಸ್ಕೊಂಡ್ಯಲ್ಲ?"

ನಾನು ಅಲ್ಲಿರಲೇ ಇಲ್ಲ. ಆದರೂ ಹೌದು ಎಂದೆ.