ಬದಲಿಗೆ ಆಡಿದವಳು

ನನ್ನ ಚಿಕ್ಕಮ್ಮನಿಗೆ ಮೋಸಗಾರ್ತಿ ಎಂಬ ಹೆಸರು ಬಂದದ್ದು ನನ್ನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಎಂದು ಮೂರು ವರ್ಷ ತಳ್ಳಿದವಳು ನಾನು. ಇಲ್ಲೂ ತಳ್ಳಿದರೆ ಕೊನೆಗೆ ಹೇಳದೆಯೇ ಎದ್ದುಹೋಗುತ್ತೇನೆ.

ಹೊನ್ನಾವರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಆಧಾರ್ ತಿದ್ದುಪಡಿ, ರೇಷನ್ ಕಾರ್ಡು, ಮಕ್ಕಳ ಸ್ಕಾಲರ್‌ಶಿಪ್ಪು, ಹೀಗೆ ಬೇರೆಯವರ ಪರವಾಗಿ ಅರ್ಜಿ ತುಂಬುವುದೇ ನನ್ನ ಕಸುಬು. ಕೊರೊನಾದ ಎರಡನೇ ವರ್ಷ ಶಟರ್ ಎಳೆದು ಮನೆಯಲ್ಲಿ ಕೂತಿದ್ದಾಗ ಕುಮಟೆಯ ಗೆಳತಿಯೊಬ್ಬಳು ಫೋನಿನಲ್ಲಿ ಆಡುವ ಒಂದು ಆಟ ಹೇಳಿಕೊಟ್ಟಳು. ಇಸ್ಪೀಟಿನಂತೆ ಎಲೆ ಇಳಿಸುತ್ತ ನಮ್ಮ ಮೂರು ಪುಟ್ಟ ಪ್ರಾಣಿಗಳನ್ನು ಎದುರಿನವರ ಮೂರು ಪ್ರಾಣಿಗಳ ಜೊತೆ ಕಾದಾಡಿಸಬೇಕು. ಗೆದ್ದರೆ ಟೋಕನ್, ಟೋಕನ್ ಮಾರಿದರೆ ರೂಪಾಯಿ. ಆದರೆ ಆ ಪ್ರಾಣಿಗಳು ಪುಕ್ಕಟೆ ಅಲ್ಲ. ಯಾವುದು ಯಾರದೆಂದು ಬ್ಲಾಕ್‌ಚೈನ್ ಎಂಬ, ಯಾರೂ ತಿದ್ದಲಾಗದ ದಾಖಲೆಯಲ್ಲಿ ಬರೆದಿರುತ್ತದೆ. ಆಗ ಅವುಗಳ ಬೆಲೆ ನಮ್ಮಂಥವರು ಕೇಳಿ ಸುಮ್ಮನಾಗುವಷ್ಟಿತ್ತು. ಅದಕ್ಕೇ ಗಿಲ್ಡ್ ಎಂಬ ಸಂಘಗಳು ಹುಟ್ಟಿಕೊಂಡಿದ್ದವು. ಸಂಘ ಪ್ರಾಣಿಗಳನ್ನು ಕೊಂಡು, ಕೊಳ್ಳಲಾಗದವರಿಗೆ ಆಡಲು ಕೊಡುತ್ತದೆ. ಗಳಿಸಿದ್ದರಲ್ಲಿ ಇಬ್ಬರಿಗೂ ಪಾಲು.

ನಾವು ಸೇರಿದ ಗಿಲ್ಡಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದವರನ್ನು ಸೇರಿಸಿ, ಕಲಿಸಿ, ನೋಡಿಕೊಳ್ಳಲು ಒಬ್ಬರು ಬೇಕೆಂದರು. ನಾನು ಒಪ್ಪಿಕೊಂಡೆ. ಭಟ್ಕಳದಿಂದ ಕುಮಟೆಯವರೆಗೆ ಹನ್ನೊಂದು ಜನ ಸಿಕ್ಕರು. ಹೋಟೆಲ್ ಕೆಲಸ ನಿಂತವರು, ಮೀನಿನ ವ್ಯಾಪಾರ ನಿಂತವರು, ಬಿಡುವು ತಾನಾಗಿ ಮೈಮೇಲೆ ಬಿದ್ದವರು. ಅವರ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್, ಗಿಲ್ಡಿನವರ ಬಾಯಲ್ಲಿ ನಾನೇ ಲೀಡರ್. ಆ ಪದ ಕೇಳಿದಾಗೆಲ್ಲ ಒಳಗೊಳಗೇ ಉಬ್ಬಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಜನರಿಗೆ ತಿಳಿಯಲೆಂದು ನಾನು ದೋಣಿಯ ಮಾತು ತೆಗೆದೆ. "ದೋಣಿ, ಬಲೆ ಸಂಘದ್ದು. ಮೀನು ಹಿಡಿಯೂದು ನಾವು. ಬಂದದ್ರಲ್ಲಿ ಪಾಲು" ಎಂದೆ. ಹೆಚ್ಚಿನವರು ಕಡಲಿಗೆ ಹೋಗುವ ಮನೆಯವರು, ಒಂದೇ ಮಾತಿಗೆ ತಿಳಿಯಿತು. ನಾನು ಹೇಳಿದ್ದಕ್ಕಿಂತ ಹೆಚ್ಚೇ ತಿಳಿದುಕೊಂಡರು.

ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಚುರುಕು ಚಿಕ್ಕಮ್ಮ. ಅಮ್ಮನ ತಂಗಿ, ಮನೆ ಮುರ್ಡೇಶ್ವರದ ಹತ್ತಿರ. ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ ಮೊಣಕಾಲು ಹಾಳು ಮಾಡಿಕೊಂಡವಳು. ಬಂದರಿನ ಹರಾಜಿನಲ್ಲಿ ಎದುರಿನವಳು ಎಲ್ಲಿವರೆಗೆ ಏರಿಸುತ್ತಾಳೆ, ಎಲ್ಲಿ ಕೈಬಿಡುತ್ತಾಳೆ ಎಂದು ಮೊದಲೇ ಹೇಳುತ್ತಿದ್ದಳಂತೆ. ಆಟದಲ್ಲಿ ಎದುರಿನವರ ಮುಖ ಕಾಣುವುದಿಲ್ಲ, ಆದರೂ ಆ ಕಣ್ಣು ಹಾಗೇ ಕೆಲಸ ಮಾಡಿತು. "ಇವ ಎಲೆ ಬಚ್ಚಿಟ್ಕಂಡಿದ್ದ. ಮುಂದಿನ ಸಲ ಒಟ್ಟಿಗೇ ಬಿಡ್ತ ನೋಡು" ಎನ್ನುವಳು, ಅವನು ಹಾಗೇ ಬಿಡುವನು. ತನ್ನ ಮೂರು ಪ್ರಾಣಿಗಳಿಗೆ ಬಂಗಡೆ, ತಾರ್ಲೆ, ಏಡಿ ಎಂದು ಹೆಸರಿಟ್ಟಿದ್ದಳು. ಮೊದಲ ಪಾಲು ಬಂದಾಗ ತನಗಾಗಿ ಕೈಯಿರುವ ಒಂದು ಕುರ್ಚಿ ತರಿಸಿದಳು. ಕೂತು ದುಡಿಯುವ ಕೆಲಸ ಜನ್ಮದಲ್ಲಿ ಅದೇ ಮೊದಲು ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಪಕ್ಕದ ಮನೆಯ ಸೊಸೆಯನ್ನೂ ಅವಳೇ ಗಿಲ್ಡಿಗೆ ಸೇರಿಸಿ, ಆಟ ಕಲಿಸಿದ್ದಳು. ಆ ಹುಡುಗಿ ಎಂಟು ತಿಂಗಳ ಬಸುರಿಯಾಗಿದ್ದಾಗ ರಕ್ತದೊತ್ತಡ ಏರಿ ಆಸ್ಪತ್ರೆಗೆ ಸೇರಿಸಿದರು. ಒಂದು ವಾರ ಆಡದಿದ್ದರೆ ಗಿಲ್ಡ್ ಪ್ರಾಣಿಗಳನ್ನು ಹಿಂದೆ ತೆಗೆದುಕೊಂಡು, ಕಾದು ನಿಂತವರಿಗೆ ಕೊಡುತ್ತಿತ್ತು. ಚಿಕ್ಕಮ್ಮ ನನಗೆ ಫೋನ್ ಮಾಡಿದಳು.

"ಮಗಾ, ಅವಳದ್ದೂ ನಾನೇ ಆಡ್ಲಾ? ಬಂದ ಪಾಲು ಅವಳಿಗೇ ಹೋಗ್ಲಿ."

ದೋಣಿಯಲ್ಲಿ ಹಾಗೇ ನಡೆಯುತ್ತದೆ. ಒಬ್ಬನಿಗೆ ಜ್ವರ ಬಂದರೆ ಅವನ ಮನೆಯವರೋ ನೆರೆಯವರೋ ಬದಲಿಗೆ ಹೋಗುತ್ತಾರೆ, ಪಾಲು ಮಲಗಿದವನ ಮನೆಗೆ ಮುಟ್ಟುತ್ತದೆ. ಗಿಲ್ಡಿನಲ್ಲಿ ಅದು ಮಹಾಪರಾಧ. ಒಬ್ಬರಿಗೆ ಒಂದೇ ಖಾತೆ, ಒಂದು ಫೋನಿನಲ್ಲಿ ಒಂದೇ ಖಾತೆ. ಆ ನಿಯಮವನ್ನು ಕನ್ನಡಕ್ಕೆ ಇಳಿಸಿ ಗ್ರೂಪಿಗೆ ಹಾಕಿದವಳು ನಾನೇ. ಆದರೂ ನಾನು, "ಆತು, ಆಡು. ಯಾರಿಗೆ ಗೊತ್ತಾಗ್ತದೆ" ಎಂದೆ. ಲೀಡರ್ ಆದ್ದರಿಂದ ನನ್ನ ಬಳಿಯೂ ಇದ್ದ, ಆ ಹುಡುಗಿಯ ಖಾತೆಗೆ ಹೋಗುವ ಕ್ಯೂಆರ್ ಕೋಡನ್ನು ಚಿಕ್ಕಮ್ಮನಿಗೆ ಕಳಿಸಿದವಳೂ ನಾನೇ. ಕರುಣೆಯಿಂದ ಎಂದು ಹೇಳಿಕೊಳ್ಳಬಹುದು. ಆದರೆ ನನ್ನ ಗುಂಪಿನಲ್ಲಿ ಒಬ್ಬಳು ಕಡಿಮೆಯಾದರೆ ಲೀಡರ್‌ಗಳ ಪಟ್ಟಿಯಲ್ಲಿ ನಾನು ಕೆಳಗಿಳಿಯುತ್ತೇನೆ ಎಂಬುದೂ ನನ್ನ ತಲೆಯಲ್ಲಿತ್ತು.

ಹನ್ನೆರಡನೇ ದಿನ ಎರಡೂ ಖಾತೆಗಳು ಮುಚ್ಚಿಹೋದವು. ಗಿಲ್ಡಿನಿಂದ ನನಗೊಂದು ಫಾರಂ ಬಂತು. ಈ ವಿಷಯ ಲೀಡರ್‌ಗೆ ಮೊದಲೇ ತಿಳಿದಿತ್ತೇ? ತಿಳಿದಿದ್ದರೆ ಲೀಡರ್ ಕೂಡ ಹೊರಗೆ. ನಾನು ಅಂಗಡಿಯಲ್ಲಿ ದಿನಾ ತುಂಬುವಂತೆ ಅದನ್ನೂ ತುಂಬಿದೆ. ನನಗೆ ಗೊತ್ತಿರಲಿಲ್ಲ, ಆಟಗಾರ್ತಿ ತಾನಾಗಿಯೇ ಬೇರೆಯವಳ ಖಾತೆ ಬಳಸಿದ್ದಾಳೆ ಎಂದು ಬರೆದೆ. ಒಂದು ಅಕ್ಷರವೂ ತಪ್ಪಿಲ್ಲದ ಇಂಗ್ಲಿಷ್. ಉಳಿದವರಿಗೆ ಎಚ್ಚರಿಕೆಯಾಗಲಿ, ಹೆಸರು ಹಾಕಿ ಗ್ರೂಪಿನಲ್ಲಿ ತಿಳಿಸಿ ಎಂದರು. ಹೆಸರು ಹಾಕಿ ತಿಳಿಸಿದೆ. ಚಿಕ್ಕಮ್ಮ ಓದಿದ ಗುರುತು ಬಿದ್ದ ಮೇಲೆ ಅವಳನ್ನು ಗ್ರೂಪಿನಿಂದ ತೆಗೆದೆ.

ಅವಳು ಬೈಯುತ್ತಾಳೆಂದು ಫೋನನ್ನು ಮಗುಚಿ ಇಟ್ಟುಕೊಂಡು ಕೂತಿದ್ದೆ. ಸಂಜೆ ಕರೆ ಬಂತು. "ನಿಂಗೆಂತ ತೊಂದ್ರೆ ಆಗಲಿಲ್ಲ ಅಲ್ದಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾರೆ ಆತು" ಎಂದು ಇಟ್ಟಳು.

ಆಸ್ಪತ್ರೆಯಲ್ಲಿದ್ದ ಹುಡುಗಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೆಣ್ಣುಮಗುವನ್ನು ಎತ್ತಿಕೊಂಡು ಮನೆಗೆ ಬಂದು ಫೋನ್ ತೆರೆದಾಗ ಖಾತೆ ಇಲ್ಲ, ಗ್ರೂಪಿನಲ್ಲಿ ನನ್ನ ಸಂದೇಶ ಇದೆ. ಚಿಕ್ಕಮ್ಮ ತನ್ನ ಫೋನಿನಿಂದ ಕೋಡು ಕದ್ದಿದ್ದಾಳೆ, ಹೆರಿಗೆಗೆ ಹೋದ ಸಮಯ ನೋಡಿ ತನ್ನ ಪಾಲಿಗೆ ಕೈಹಾಕಿದ್ದಾಳೆ ಎಂದು ತಿಳಿದಳು. ಬೇರೆ ಏನು ತಿಳಿಯಬೇಕು? ಮಾತು ನಿಂತಿತು. "ನನ್ನ ಅಕ್ಕನ ಮಗಳೇ ಕೊಟ್ಟದ್ದು" ಎಂದು ಒಂದು ಮಾತು ಹೇಳಿದ್ದರೆ ಚಿಕ್ಕಮ್ಮ ಬಚಾವಾಗುತ್ತಿದ್ದಳು. ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಕೆಲವೇ ತಿಂಗಳಲ್ಲಿ ಟೋಕನ್ ಮಣ್ಣುಪಾಲಾಯಿತು, ಗಿಲ್ಡ್ ಹೇಳದೆ ಕೇಳದೆ ಮಾಯವಾಯಿತು. ಯಾವ ಲೀಡರ್ ಪಟ್ಟಕ್ಕಾಗಿ ಸುಳ್ಳು ಬರೆದೆನೋ ಅದು ಒಂದು ಮಳೆಗಾಲವೂ ಬಾಳಲಿಲ್ಲ. ಗ್ರೂಪು ಮಾತ್ರ ಉಳಿಯಿತು. ಈಗ ಅದರಲ್ಲಿ ಶುಭೋದಯದ ಹೂವುಗಳು ಬರುತ್ತವೆ.

ಕಳೆದ ವಾರ ಅಂಗಡಿಗೆ ರಜೆ ಹಾಕಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕೂತು ಅವಳು ಮೀನು ಕೊಯ್ಯುತ್ತಿದ್ದಳು. ಬೇಲಿಯ ಆಚೆಯಿಂದ ಆ ಹೆಣ್ಣುಮಗು ಬೆಕ್ಕಿನ ಹಿಂದೆ ನುಗ್ಗಿ ಈಚೆ ಬಂತು. ಚಿಕ್ಕಮ್ಮ ಕೈ ತೊಳೆದು ಬಾ ಎನ್ನುವಷ್ಟರಲ್ಲಿ ಅದರ ತಾಯಿ ಬಂದು, ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಚಿಕ್ಕಮ್ಮ ಚಾಚಿದ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಮತ್ತೆ ಮೀನಿನ ಮುಂದೆ ಕೂತಳು.

ಅಲ್ಲೇ ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದೆ. ಫಾರಂ, ನಾನು ಬರೆದದ್ದು, ಯಾಕೆ ಬರೆದೆನೆಂಬುದು. ತಪ್ಪಾಯಿತು ಎಂದೆ. ಅವಳು ತಲೆ ಎತ್ತಲಿಲ್ಲ.

"ನನ್ನ ಹತ್ರ ಎಂತಕ್ಕೆ ಹೇಳೂದು? ನಂಗೆ ಅವತ್ತೇ ಗೊತ್ತು. ಗೊತ್ತಿಲ್ದವ್ರಿಗೆ ಹೇಳು."

ಹೊನ್ನಾವರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಬರೆಯಲು ಶುರುಮಾಡಿದೆ. ಊರವರ ಅರ್ಜಿಗಳನ್ನೆಲ್ಲ ನಿಮಿಷದಲ್ಲಿ ತುಂಬುವವಳಿಗೆ ನಾಲ್ಕು ಸಾಲಿಗೆ ಎರಡು ದಿನ ಹಿಡಿಯಿತು. ಕೋಡು ಕೊಟ್ಟವಳು ನಾನು, ಆಡು ಎಂದವಳು ನಾನು, ಗೊತ್ತಿಲ್ಲ ಎಂದು ಸುಳ್ಳು ಬರೆದವಳು ನಾನು, ಚಿಕ್ಕಮ್ಮ ಯಾರ ಪಾಲನ್ನೂ ಮುಟ್ಟಿಲ್ಲ. ಗ್ರೂಪಿನ ಹೂವುಗಳ ನಡುವೆ ಅದನ್ನು ಹಾಕಿದೆ. ಎಲ್ಲರೂ ಓದಿದರು.

ಮರುದಿನ ಮಧ್ಯಾಹ್ನ ಚಿಕ್ಕಮ್ಮನ ಫೋನು. ದನಿ ತೀರ ತಗ್ಗಿತ್ತು.

"ಅವಳು ಬಂದಿದ್ಲು. ಊಟ ಮಾಡ್ಕಂಡು ಈಗ ಹೋದ್ಲು. ಮಗು ಇಲ್ಲೇ ಇದೆ."

ನಾನು ಈ ಭಾನುವಾರ ಬರುತ್ತೇನೆ ಎಂದೆ.

"ಬೇಡ, ಮಗಾ. ಇಷ್ಟು ದಿನ ನಂಗೆ ಸಿಟ್ಟಿಲ್ಲ ಅಂತ ತಿಳ್ಕಂಡಿದ್ದೆ. ಇವತ್ತು ಈ ಮಗುನ ಮೊದ್ಲ ಸಲ ಎತ್ಕಂಡ ಮೇಲೆ ಬಂತು. ಸ್ವಲ್ಪ ದಿನ ನೀ ಬರ್ಬೇಡ" ಎಂದಳು. ಆಮೇಲೆ, "ತೊಡೆ ಮೇಲೆ ಮಲಗಿದೆ, ಎಚ್ಚರ ಆಗ್ತದೆ" ಎಂದು ಫೋನ್ ಇಟ್ಟಳು.