ಒಂದು ಹಾಡಿಗಾಗಿ ಕಾದ ಪದಸೂಚಿ

ಮೇಷ್ಟ್ರ ಬಲಗೈ ತೋರುಬೆರಳಿಗೆ ಉದ್ದನೆಯ ಉಗುರಿತ್ತು. ಅದನ್ನು ಕಂಪ್ಯೂಟರಿನ ಪರದೆಗೆ ಒತ್ತಿ, ಒಂದೊಂದು ಸಾಲಿನ ಕೆಳಗೂ ಎಳೆಯುತ್ತ ಓದುತ್ತಿದ್ದರು. ಸಾಗರದ ನನ್ನ ಡಿಟಿಪಿ ಅಂಗಡಿಯ ಪರದೆಗೆ ಗೀರು ಬಿದ್ದದ್ದು ಹಾಗೆ. "ಸ್ಕ್ರೀನ್ ಹಾಳಾಗ್ತದೆ ಮೇಷ್ಟ್ರೇ" ಎಂದರೆ, "ಅಕ್ಷರ ಹಾಳಾಗೋದು ಬೇಡ ಮಾರಾಯ" ಎನ್ನುವರು.

ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ನಿವೃತ್ತರಾದ ಮೇಲೆ ಹೊಸನಗರದ ಕಡೆಯ ಒಬ್ಬ ಅಜ್ಜಿಯ ಬಾಯಿಂದ ಮದುವೆ ಹಾಡುಗಳನ್ನು ಬರೆದುಕೊಂಡು, ಅವಕ್ಕೊಂದು ಪದಸೂಚಿ ಮಾಡಲು ಹೊರಟರು. 'ಬಾಸಿಂಗ' ಎಂದು ಹುಡುಕಿದರೆ ಆ ಪದ ಬರುವ ಸಾಲುಗಳೆಲ್ಲ, ಯಾವ ಹಾಡಿನವು ಎಂಬುದರ ಸಮೇತ, ಫೋನಿನಲ್ಲೇ ಕಾಣಬೇಕು. "ನಿಘಂಟಿನಲ್ಲಿ ಅರ್ಥ ಸಿಗ್ತದೆ. ಆ ಪದ ಯಾರ್ಯಾರ ಜೊತೆ ಓಡಾಡ್ಕೊಂಡಿತ್ತು ಅಂತ ಗೊತ್ತಾಗ್ಬೇಕಾದ್ರೆ ಇದೇ ಬೇಕು" ಎನ್ನುತ್ತಿದ್ದರು.

ಅಜ್ಜಿಗೆ ಓದು ಬಾರದು. ಆದರೂ ಕಾರ್ಗಲ್ಲಿನ ಮೊಮ್ಮಕ್ಕಳು ತನ್ನ ಹಾಡಿನ ಸಾಲುಗಳನ್ನು ಫೋನಿನಲ್ಲಿ ತೆಗೆದು, ತನ್ನೆದುರು ಕೂತು ಓದಬೇಕೆಂಬ ಆಸೆ. ಮೇಷ್ಟ್ರು ಹೋದಾಗಲೆಲ್ಲ ಅಜ್ಜಿ ಕೆಣಕುವರು: "ಎಂತದು ಮೇಷ್ಟ್ರೇ, ನಿಮ್ ಕಂಪ್ಯೂಟ್ರು ಇನ್ನೂ ಈದಿಲ್ವಾ? ನಮ್ಮೆಮ್ಮೆ ಎಲ್ಡ್ ಕರ ಹಾಕ್ತು!"

ತಡವಾದದ್ದು ಒಂದೇ ಹಾಡಿನಿಂದ. ಹೆಣ್ಣು ಒಪ್ಪಿಸುವ ಹಾಡನ್ನು ಸುಮ್ಮನೆ ಕೂತು ಹೇಳುವಂತಿಲ್ಲ, ಮದುಮಗಳು ನಿಜವಾಗಿ ಹೊರಟು ನಿಂತಾಗಲೇ ಹೇಳಬೇಕು. "ಹೆಣ್ಣೇ ಇಲ್ದೆ ಹೇಳಿದ್ರೆ ಯಾರ್ನ ಕಳ್ಸ್ದಂಗಾತು?" ಎಂದು ಅಜ್ಜಿ ಖಡಾಖಂಡಿತವಾಗಿ ಹೇಳಿದ್ದರು. ಮೇಷ್ಟ್ರೂ ಒತ್ತಾಯಿಸುವವರಲ್ಲ.

"ಉಳಿದಿದ್ದೆಲ್ಲ ರೆಡಿ ಇದೆಯಲ್ಲ ಮೇಷ್ಟ್ರೇ, ನೆಟ್ಟಿಗೆ ಹಾಕ್ಬಿಡಣ. ಆ ಹಾಡು ಸಿಕ್ಕಿದ್ ದಿನ ಸೇರ್ಸಿದ್ರಾಯ್ತು" ಎಂದೆ ನಾನು.

"ಅರ್ಧಂಬರ್ಧ ಹೊರಗೆ ಬಿಟ್ಟು ಆಮೇಲೆ ಎಂತ ಮಾಡ್ತೀಯ? ಪುಸ್ತಕಕ್ಕೆ ಅಂಟಿಸೋ ಹಾಗೆ ತಪ್ಪು-ಒಪ್ಪು ಅಂತ ಚೀಟಿ ಅಂಟಿಸ್ತೀಯಾ?"

ರಜೆಯಲ್ಲೆಲ್ಲ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಜೀವ. ಅಚ್ಚಾದದ್ದನ್ನು ಮತ್ತೆ ಮುಟ್ಟಲಾಗದು ಎಂಬುದು ಅವರ ಎಲುಬಿಗೇ ಇಳಿದಿತ್ತು.

ಕೊನೆಗೆ ಅಜ್ಜಿಯ ಮೊಮ್ಮಗಳೊಬ್ಬಳ ಮದುವೆ ತೀರ್ಥಹಳ್ಳಿಯ ಛತ್ರದಲ್ಲಿ ನಡೆಯಿತು. ರೆಕಾರ್ಡರ್ ಹಿಡಿದು ಇಬ್ಬರೂ ಹೋದೆವು. ಹೆಣ್ಣು ಕಾರು ಹತ್ತುವ ಹೊತ್ತಿಗೆ ಅಜ್ಜಿ ಗಂಟಲು ಸರಿಮಾಡಿಕೊಂಡು ಸೊಲ್ಲೆತ್ತಿದರು. ಅದೇ ಗಳಿಗೆಗೆ ಬ್ಯಾಂಡಿನವರು ಬಾರಿಸತೊಡಗಿದರು. ಅಜ್ಜಿಯ ತುಟಿ ಆಡುವುದು ಕಾಣುತ್ತಿತ್ತು, ಒಂದಕ್ಷರ ಕೇಳುತ್ತಿರಲಿಲ್ಲ. ಮೇಷ್ಟ್ರು ಓಡಿಹೋಗಿ ಬ್ಯಾಂಡಿನವರಿಗೆ ಕೈಮುಗಿಯುವಷ್ಟರಲ್ಲಿ ಕಾರು ಗೇಟು ದಾಟಿತ್ತು.

"ಹೋಗ್ಲಿ ಬಿಡಿ, ಇನ್ನೊಂದ್ ಮದ್ವೆ ಬತ್ತದೆ" ಎಂದು ಅಜ್ಜಿಯೇ ಅವರಿಗೆ ಸಮಾಧಾನ ಹೇಳಿದರು. ಇನ್ನೊಂದು ಮದುವೆಗೆ ಮೊದಲೇ ತೀರಿಕೊಂಡರು.

ಅಜ್ಜಿಯ ಕಾರ್ಯ ಮುಗಿದ ಮೇಲೆ ಮೇಷ್ಟ್ರು ಅಂಗಡಿಗೆ ಬಂದು "ಹಾಕು" ಎಂದರು, ಅಷ್ಟೇ. ಹಾಕಿದೆ. ಮಾರನೆಯ ದಿನ ಒಂದು ಪದದ ಕೆಳಗೆ ಯಾವುದೋ ಬೇರೆ ಹಾಡಿನ ಸಾಲು ಸೇರಿಕೊಂಡದ್ದನ್ನು ಕಂಡು, "ಆಗಿಹೋಯ್ತಲ್ಲ ಮಾರಾಯ" ಎಂದು ಮುಖ ಬಾಡಿಸಿಕೊಂಡು ಬಂದರು. ಅಲ್ಲೇ ತಿದ್ದಿ, ಅವರ ಫೋನಿನಲ್ಲೇ ತೆಗೆದು ತೋರಿಸಿದೆ.

"ಇಷ್ಟೇಯಾ?"

"ಇಷ್ಟೇ ಮೇಷ್ಟ್ರೇ."

ಮೇಷ್ಟ್ರು ಫೋನಿನ ಮೇಲೂ ಉಗುರೆಳೆದು ತಿದ್ದಿದ್ದನ್ನು ಓದಿದರು. "ನೀ ಹೇಳಿದ್ದೆ. ನಾನೇ ಅಚ್ಚಿನಮನೆ ಬುದ್ಧಿ ಬಿಡ್ಲಿಲ್ಲ. ಅಜ್ಜಮ್ಮ ಇರೋವಾಗ್ಲೇ ನೋಡ್ಬೋದಿತ್ತು."

ಮತ್ತೊಂದು ದಿನ ಬಂದು, ಸಿಗದೇಹೋದ ಹಾಡಿನ ಹೆಸರಿನ ಕೆಳಗೆ ಒಂದು ಸಾಲು ಹಾಕಿಸಿದರು: 'ಹಾಡು ಹೇಳಿದವರು ಈ ಸೂಚಿಯನ್ನು ನೋಡಲಿಲ್ಲ. ಸಂಪಾದಕನು ತಡಮಾಡಿದನು.' ಓದಿ ನೋಡಿ, "ಸಂಪಾದಕ ಅನ್ನೋದು ತೆಗಿ. ನನ್ನ ಹೆಸರೇ ಹಾಕು" ಎಂದರು.

ಮೇಷ್ಟ್ರು ತೀರಿಹೋಗಿ ವರ್ಷವಾಗುತ್ತ ಬಂತು. ಆ ಪದಸೂಚಿಯನ್ನು ಈಗ ನಾನೇ ನೋಡಿಕೊಳ್ಳುತ್ತೇನೆ. ಯಾರಾದರೂ ತಪ್ಪು ತೋರಿಸಿದರೆ ಆಗಲೇ ತಿದ್ದುತ್ತೇನೆ. ಅವರು ತಡಮಾಡಿದರೆಂಬ ಆ ಒಂದು ಸಾಲನ್ನು ಅಳಿಸಿಬಿಡೋಣ ಎಂದು ಎಷ್ಟೋ ಸಲ ತೆರೆದು ಕೂತಿದ್ದೇನೆ. ಅವರನ್ನು ಕೇಳದೆ ಅಳಿಸಲು ಕೈ ಬರುವುದಿಲ್ಲ.