ಒರೆಸಲ್ಲ ಎಂದ ಕ್ಯಾರಿಕುಂಡ

ಅದ್ಯೇರಿ ಕ್ಯಾರಿಕುಂಡಳನ್ನು ಮೊದಲು ಕಂಡದ್ದು, ತೀರಿಹೋದ ಗಂಡನ ಮುಖ ನೋಡಲೆಂದು ಪೇಟೆಗೆ ಹೋದ ದಿನ. ಚಹಾ ಬೆಳೆಗಾರರ ಸಂಘದವರು ಇಂಟರ್ನೆಟ್ಟಿನಲ್ಲಿ ತಮ್ಮದೊಂದು ಪುಟ ಮಾಡಿಸಿದ್ದಾರೆ, ಅದರಲ್ಲಿ ನಿಮ್ಮಿಬ್ಬರ ಫೋಟೊ ಇದೆ ಎಂದು ಎಲೆ ತೂಗುವವನು ಹೇಳಿದ್ದ. ಆ ಫೋಟೊ ತೆಗೆದದ್ದು ಅವಳಿಗೆ ನೆನಪಿತ್ತು. ಅರಾಲಿ ಆಗಲೇ ಕೆಮ್ಮುತ್ತಿದ್ದ, ಆದರೂ ಟೋಪಿ ಹಾಕಿಕೊಂಡು ಗಿಡಗಳ ನಡುವೆ ನೆಟ್ಟಗೆ ನಿಂತಿದ್ದ. ಪಕ್ಕದಲ್ಲಿ ಅವಳು, ಬೆನ್ನಿಗೆ ಬುಟ್ಟಿ. ತೆಗೆದುಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಅವನದೊಂದು ಪಟವೂ ಇರಲಿಲ್ಲ.

ಫೋರ್ಟ್ ಪೋರ್ಟಲ್ ಪೇಟೆಯ ಮಾರುಕಟ್ಟೆಯ ಹಿಂದೆ, ಚಪಾತಿಯವನ ಒಲೆಗೂ ದರ್ಜಿಯ ಮಳಿಗೆಗೂ ನಡುವೆ ಆ ಇಂಟರ್ನೆಟ್ ಅಂಗಡಿ. ಒಳಗೆ ಮೂರು ಕಂಪ್ಯೂಟರು, ಒಂದು ಪ್ರಿಂಟರು, ಮತ್ತೆ ಅಗಲ ಹೆಗಲಿನ ನಡುವಯಸ್ಸಿನ ಒಬ್ಬ ಹೆಂಗಸು. ತೋರೊ ಸೀಮೆಯಲ್ಲಿ ಎಂಪಾಕೊ ಕೇಳದೆ ಮಾತು ಮೊದಲಾಗುವುದಿಲ್ಲ. ಹೆತ್ತವರು ಇಡುವ ಎರಡನೆಯ ಹೆಸರು ಅದು. ಗೌರವಕ್ಕೂ ಅಕ್ಕರೆಗೂ ಅದನ್ನೇ ಕರೆಯಬೇಕು.

"ನಿನ್ನ ಎಂಪಾಕೊ ಏನಮ್ಮಾ?" ಎಂದಳು ಅದ್ಯೇರಿ.

"ಇಲ್ಲ."

"ಇಲ್ಲ ಅಂದ್ರೆ?"

"ನಾನು ಕಬಾಲೆಯವಳು. ನಮ್ಮ ಬೆಟ್ಟದ ಕಡೆ ಒಂದೇ ಹೆಸರು ಇಡ್ತಾರೆ, ಸಾಯೋತನಕ ಅದರಲ್ಲೇ ಬೈಸ್ಕೋತೀವಿ. ಕ್ಯಾರಿಕುಂಡ ಅನ್ನಿ. ಏನು ಬೇಕಿತ್ತು?"

ಬೇರೆ ಯಾರಾದರೂ ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡಿದ್ದರೆ ಅದ್ಯೇರಿ ಎದ್ದುಬಿಡುತ್ತಿದ್ದಳು. ಫೋಟೊದ ಆಸೆಗೆ ಕೂತಳು. ಪುಟ ನಿಧಾನವಾಗಿ ಮೇಲಿನಿಂದ ಇಳಿಯಿತು. ಮೊದಲು ಆಕಾಶ, ಆಮೇಲೆ ಟೋಪಿ, ಆಮೇಲೆ ಅರಾಲಿಯ ಹಣೆ. ಅದ್ಯೇರಿ ಕೈಚಾಚಿ ಗಾಜು ಮುಟ್ಟಿದಳು. ಗಾಜು ಮುಟ್ಟಿದವರನ್ನು ಕ್ಯಾರಿಕುಂಡ ಗದರಿಸದೆ ಬಿಡುತ್ತಿರಲಿಲ್ಲ ಎಂದು ಅದ್ಯೇರಿಗೆ ಆಮೇಲೆ ತಿಳಿಯಿತು. ಅವತ್ತು ಕ್ಯಾರಿಕುಂಡ ಬಾಗಿಲಿಗೆ ಹೋಗಿ ರಸ್ತೆ ನೋಡುತ್ತ ನಿಂತಳು. ತಿರುಗಿ ಬಂದು ಚಿತ್ರದ ಕೆಳಗಿನ ಸಾಲುಗಳನ್ನು ಓದಿ ಹೇಳಿದಳು: ಇದು ಅರಾಲಿ, ಅದ್ಯೇರಿ ದಂಪತಿಗಳ ತೋಟ, ಇಬ್ಬರೂ ಸಂಘದ ಸದಸ್ಯರು.

ಅದ್ಯೇರಿ ಎದ್ದದ್ದೇ ತಡ, ಕ್ಯಾರಿಕುಂಡ ಅದೇ ಕಂಪ್ಯೂಟರಿನ ಮುಂದೆ ಕೂತು ಏನೇನೋ ಒತ್ತಿದಳು.

"ಏನು ಮಾಡಿದೆ?"

"ಒರೆಸಿದೆ."

"ಅವರನ್ನಾ?"

"ನಿಮ್ಮ ಯಜಮಾನ್ರು ಸಂಘದ ಪುಟದಲ್ಲಿ ಇದ್ದಂಗೇ ಇದಾರೆ, ಗಾಬರಿಯಾಗ್ಬೇಡಿ. ಈ ಡಬ್ಬಿ ಇದೆಯಲ್ಲ, ನೋಡಿದ ಪುಟ, ಚಿತ್ರ ಎಲ್ಲದರದ್ದೂ ಒಂದೊಂದು ನಕಲು ಹೊಟ್ಟೇಲಿ ಇಟ್ಕೊಳ್ಳತ್ತೆ. ಮುಂದಿನ ಸಲ ಬೇಗ ತೋರಿಸಬೋದು ಅಂತ. ಕ್ಯಾಶೆ ಅಂತಾರೆ. ಬುದ್ಧಿ ಒಳ್ಳೇದೇ. ಆದ್ರೆ ಅಲ್ಲಿ ಪುಟ ಬದಲಾದ್ರೂ ಇದು ಒಂದೊಂದ್ಸಲ ಹಳೇದನ್ನೇ ತೋರಿಸ್ತಾ ಕೂತಿರತ್ತೆ. ಸಾಲದ್ದಕ್ಕೆ ನಿಮ್ಮ ಹಿಂದೆ ಬಂದ ಕಳ್ಳನನ್ಮಗನಿಗೆ ನೀವೇನು ನೋಡಿದ್ರಿ ಅಂತ ಗೊತ್ತಾಗತ್ತೆ."

ಅದ್ಯೇರಿಗೆ ತನ್ನ ಅಡುಗೆಮನೆ ನೆನಪಾಯಿತು. "ಹಾಲಿನ ಸೋರೆಬುರುಡೆ ಇದ್ದಂಗೆ. ತೊಳೆದು ಹುಲ್ಲಿನ ಹೊಗೆ ಕೊಡದಿದ್ರೆ ನಿನ್ನೆ ಹಾಲಿನ ಜಿಡ್ಡು ಇವತ್ತಿನ ಹಾಲನ್ನೂ ಕೆಡಿಸತ್ತೆ."

"ಸರಿಯಾಗಿ ಹೇಳಿದ್ರಿ ಅವ್ವಾ. ನಾನು ಗಿರಾಕಿ ಎದ್ದಾಗೆಲ್ಲ ಹೊಗೆ ಕೊಡ್ತೀನಿ."

ಆಮೇಲೆ ಪೇಟೆಗೆ ಬಂದಾಗಲೆಲ್ಲ ಅದ್ಯೇರಿ ಅಲ್ಲಿಗೆ ಹೋಗುತ್ತಿದ್ದಳು. ತನ್ನ ಹೆಸರಿನ ಅಕ್ಷರಗಳನ್ನು ಆ ಚಿತ್ರದ ಅಡಿಯಲ್ಲೇ ಗುರುತಿಸಲು ಕಲಿತಳು. ಒರೆಸುವ ಕ್ರಮವನ್ನೂ ನೋಡಿ ನೋಡಿ ಕಲಿತಳು: ಮೂಲೆಯ ಮೂರು ಚುಕ್ಕಿ ಒತ್ತಬೇಕು. ಅಳಿಸು ಎನ್ನುವ ಕಡೆ ಹೋಗಬೇಕು. ಕಳೆದ ಒಂದು ಗಂಟೆಯದು ಮಾತ್ರ ಎಂದಿದ್ದರೆ ಅದನ್ನು ಬದಲಿಸಿ ಮೊದಲಿನಿಂದ ಎಂದು ಮಾಡಬೇಕು. ಇಟ್ಟುಕೊಂಡ ಚಿತ್ರಗಳ ಮುಂದೆ ಗುರುತು ಬಿದ್ದಿದೆಯೇ ನೋಡಿ ಆಮೇಲೆ ಒತ್ತಬೇಕು. ಗುರುತು ನೋಡದೆ ಒತ್ತಿದರೆ ಒರೆಸಿದಂತೆ ಕಾಣುತ್ತದೆ, ಒರೆಸಿರುವುದಿಲ್ಲ.

ಆ ಅಂಗಡಿಗೆ ಗಂಡಸರೂ ಬರುತ್ತಿದ್ದರು, ಕೆಲವರು ಬೇರೆ ಕೆಲಸಕ್ಕೆ. ಒಬ್ಬ ಬಂದು, ನನ್ನ ಹೆಂಡತಿ ಬೆಳಿಗ್ಗೆ ಇಲ್ಲಿ ಏನು ನೋಡಿದಳು ತೋರಿಸು ಎಂದ.

"ಅವಳಿಗೆ ಬಾಯಿಲ್ವಾ? ಅವಳನ್ನೇ ಕೇಳು."

"ನಾನು ಅವಳ ಗಂಡ!"

"ನನ್ನ ಗಂಡ ಅಲ್ವಲ್ಲ. ನಡಿ, ಗಿರಾಕಿಗೆ ದಾರಿ ಬಿಡು."

ಊರಿನಲ್ಲಿ ಅವಳಿಗೆ ಸೊಕ್ಕಿನ ಹೆಂಗಸು ಎಂದು ಹೆಸರು ಬಿದ್ದಿತ್ತು. ಅವಳು ಅದಕ್ಕೆ ಸೊಪ್ಪು ಹಾಕಲಿಲ್ಲ. ಅಷ್ಟೇನೂ ಸುಲಭದ ಹೆಂಗಸಲ್ಲ ಎನ್ನುವುದೂ ನಿಜ. ದುಡ್ಡು ಕೊಟ್ಟ ಹೊತ್ತು ಮುಗಿಯಿತೆಂದರೆ ಅರ್ಧ ಬರೆದ ಕಾಗದದ ಮೇಲೂ ಪರದೆ ಆರಿಸಿಬಿಡುತ್ತಿದ್ದಳು. ದರ್ಜಿಯೊಂದಿಗೆ ನೆರಳಿನ ಜಾಗಕ್ಕಾಗಿ ದಿನವೂ ಜಗಳ.

ಒಂದು ಮಧ್ಯಾಹ್ನ ಅದ್ಯೇರಿ ಗೋಡೆಯ ಬದಿಯ ಕಂಪ್ಯೂಟರಿನಲ್ಲಿ ಫೋಟೊ ನೋಡುತ್ತಿದ್ದಾಗ ಅವಳ ಮೈದುನ ರುಸೋಕೆ ಬಾಗಿಲಲ್ಲಿ ಬಂದು ನಿಂತ. ಅರಾಲಿಯ ತಮ್ಮ, ಕುಲದಲ್ಲಿ ಮಾತು ನಡೆಯುವವನು. ಒಳಗೆ ಬರಲಿಲ್ಲ. ಕೋಲೂರಿ ನಿಂತು ನಮಸ್ಕಾರಕ್ಕೆ ಕಾದ. ಅದ್ಯೇರಿ ಎದ್ದು, ಅವನ ಎಂಪಾಕೊ ಹಿಡಿದು ಮಾತಾಡಿಸಿ, ದನ, ಮಕ್ಕಳು, ಮಳೆ ಎಲ್ಲ ಕೇಳಿ ಮುಗಿಸಿದಳು. ಅವನು ಇನ್ನೂ ನಿಂತೇ ಇದ್ದ.

"ಬನ್ನಿ, ಕೂತ್ಕೊಳ್ಳಿ, ಏನಾಗ್ಬೇಕು?" ಎಂದಳು ಕ್ಯಾರಿಕುಂಡ.

"ಮೊದಲು ಮಂಡಿಯೂರಿ ನಮಸ್ಕಾರ, ಆಮೇಲೆ ವ್ಯಾಪಾರ. ನಿನ್ನ ಎಂಪಾಕೊ?"

"ಇಲ್ಲ ಸ್ವಾಮಿ."

"ಎಂಪಾಕೊ ಇಲ್ಲದವಳ ಕೈಯಿಂದ ನಮಸ್ಕಾರ ಹೇಗೆ ತಗೊಳ್ಳೋದು? ಇವತ್ತೇ ಇಟ್ಟುಬಿಡೋಣ."

ತಮಾಷೆ ಎಂದುಕೊಂಡರೆ ಅಲ್ಲ. ಹೋಟೆಲಿನಿಂದ ರಾಗಿಮುದ್ದೆ, ಸಿಪ್ಪೆ ತೆಗೆದ ಅವರೆಯ ಗೊಜ್ಜು, ಹೊಗೆಮೀನು ತರಿಸಿದ. ಚಪಾತಿಯವನನ್ನೂ ದರ್ಜಿಯನ್ನೂ ಸಾಕ್ಷಿಗೆ ಕೂರಿಸಿದ. ಮಗುವಿಗೆ ಮಾಡುವ ಶಾಸ್ತ್ರವನ್ನು ಆ ಹೆಂಗಸಿಗೆ ಮಾಡಿ, "ಇವತ್ತಿಂದ ಇವಳು ಅಕೀಕಿ" ಎಂದು ಸಾರಿದ. ಕ್ಯಾರಿಕುಂಡ ಬೆರಳು ನೆಕ್ಕಿ ಎದ್ದಳು.

"ಊಟ ಚೆನ್ನಾಗಿತ್ತು. ಹೆಸರು ನೀವೇ ಇಟ್ಕೊಳ್ಳಿ."

ದರ್ಜಿಗೆ ನಗು ತಡೆಯಲಾಗಲಿಲ್ಲ. ರುಸೋಕೆ ನಗಲಿಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ಕೂತು, ಮೆಮೊರಿ ಕಾರ್ಡಿನಲ್ಲಿದ್ದ ಒಂದು ಫೋಟೊ ಕೊಟ್ಟು, ಸಂಘದ ಕಾರ್ಯದರ್ಶಿಗೆ ಕಳಿಸು ಎಂದ. ಗಿರಾಕಿಯ ಸಾಮಾನಿನಲ್ಲಿ ಮೂಗು ತೂರಿಸದ ಕ್ಯಾರಿಕುಂಡ ನೋಡದೆಯೇ ಕಳಿಸಿದಳು. ಅಷ್ಟರಲ್ಲಿ ರ್‍ವೆನ್ಜೋರಿ ಬೆಟ್ಟದ ಕಡೆಯಿಂದ ಮಳೆ ಬಂತು, ಸಿಡಿಲು ಬಡಿಯಿತು, ಎಲ್ಲರೂ ಓಡಿದರು. ಗೋಡೆ ಬದಿಯ ಕಂಪ್ಯೂಟರಿಗೆ ಬರುವ ನೆಟ್ಟಿನ ತಂತಿ ಸುಟ್ಟುಹೋಯಿತು. ಅವತ್ತಿನಿಂದ ಅದು ಬರೀ ಕಾಗದ ಟೈಪು ಮಾಡುವುದಕ್ಕಾಯಿತು. ಶಾಸ್ತ್ರದ ಗಡಿಬಿಡಿಯಲ್ಲಿ ಅದನ್ನು ಒರೆಸುವುದು ಮರೆತದ್ದು ಯಾರಿಗೂ ಹೊಳೆಯಲಿಲ್ಲ.

ಮುಂದಿನ ಸಲ ಅದ್ಯೇರಿ ಬಂದು ಬೇರೆ ಕಂಪ್ಯೂಟರಿನ ಮುಂದೆ ಕೂತಾಗ ಪುಟ ಎಂದಿನಂತೆ ಮೇಲಿನಿಂದ ಇಳಿಯಿತು. ಆಕಾಶ ಬೇರೆ. ಟೋಪಿ ಇಲ್ಲ. ಅದೇ ಗಿಡಗಳ ನಡುವೆ, ಅದೇ ದಿಣ್ಣೆಯ ಮೇಲೆ, ರುಸೋಕೆ ನಿಂತಿದ್ದ. ಕೆಳಗಿನ ಸಾಲಿನಲ್ಲಿ ಅವಳು ತನ್ನ ಹೆಸರು ಹುಡುಕಿದಳು. ಇರಲಿಲ್ಲ.

"ಏನಂತ ಬರೆದಿದೆ?"

ಕ್ಯಾರಿಕುಂಡ ಓದಿದಳು, ಮೆತ್ತಗೆ. "ಸದಸ್ಯ ರುಸೋಕೆಯವರ ತೋಟ ಅಂತ."

ಅದ್ಯೇರಿ ಸಂಘದ ಕಚೇರಿಗೆ ಹೋದಳು. ಆ ತೋಟ ಮೊದಲಿಂದಲೂ ರುಸೋಕೆಯದೇ, ನಿನ್ನ ಹೆಸರು ಎಲ್ಲೂ ಇರಲೇ ಇಲ್ಲ ಎಂದುಬಿಟ್ಟ ಕಾರ್ಯದರ್ಶಿ. ಎಲೆ ಕೊಟ್ಟು ಸಹಿ ಹಾಕಿ ಹಣ ಪಡೆಯುವವರು ಯಾರು ಎನ್ನುವುದು ಬರುವ ಶನಿವಾರದ ಸಭೆಯಲ್ಲಿ ತೀರ್ಮಾನವಾಗುತ್ತದಂತೆ. ಅರಾಲಿ ಅಗೆದ ಗುಂಡಿಗಳಿಗೆ ಅವಳೇ ಸಸಿ ನೆಟ್ಟು ಬೆಳೆಸಿದ ತೋಟ. ಅದು ಹೋದರೆ ಅವಳಿಗೆ ಕಾಲಿಡಲು ನೆಲವಿಲ್ಲ.

ಅಂಗಡಿಗೆ ಮರಳಿ ಬಂದು ಬೆಂಚಿನ ಮೇಲೆ ಕುಸಿದು ಕೂತಳು. "ಬುರುಡೆಗೆ ಹೊಗೆ ಕೊಟ್ಟೂ ಕೊಟ್ಟೂ ಎಲ್ಲ ಹೋಯ್ತಲ್ಲೇ."

ಕ್ಯಾರಿಕುಂಡ ಬೆರಳು ಕಚ್ಚಿ ನಿಂತಿದ್ದವಳು ಥಟ್ಟನೆ ಗೋಡೆಯ ಕಡೆ ತಿರುಗಿದಳು. "ಅವತ್ತು ನೀವು ಕೂತಿದ್ದು ಎಲ್ಲಿ? ಆ ಮುದುಕ ನನಗೆ ಮುದ್ದೆ ತಿನ್ನಿಸಿದ ದಿನ?"

ಗೋಡೆ ಬದಿಯದನ್ನು ಹಚ್ಚಿ ಸಂಘದ ಪುಟದ ವಿಳಾಸ ಒತ್ತಿದಳು. ನೆಟ್ ಇಲ್ಲ. ಹೊಸದನ್ನು ತರಲು ದಾರಿಯಿಲ್ಲದ ಆ ಡಬ್ಬಿ, ಹೊಟ್ಟೆಯಲ್ಲಿದ್ದ ಹಳೆಯದನ್ನೇ ತೆಗೆದು ಮುಂದಿಟ್ಟಿತು. ಆಕಾಶ. ಟೋಪಿ. ಅರಾಲಿಯ ಹಣೆ. ಬುಟ್ಟಿ ಹೊತ್ತ ಅದ್ಯೇರಿ.

"ಮುಟ್ಬೇಡಿ! ಯಾರೂ ಇದನ್ನ ಮುಟ್ಬೇಡಿ!" ಎಂದು ಕ್ಯಾರಿಕುಂಡ ಕೂಗಿದ ಕೂಗಿಗೆ ಚಪಾತಿಯವನು ಸಟ್ಟುಗ ಹಿಡಿದೇ ಓಡಿಬಂದ.

ಅವನು ನೋಡಿದನೆಂದರೆ ಊರೇ ನೋಡಿದಂತೆ. ಮರುದಿನವೇ ರುಸೋಕೆ ಕಾರ್ಯದರ್ಶಿಯನ್ನು ಕರೆದುಕೊಂಡು ಬಂದ. ಅದ್ಯೇರಿ ಅಲ್ಲೇ ಬೆಂಚಿನ ಮೇಲಿದ್ದಳು.

"ಅಕೀಕಿ, ಆ ಕಸ ಒರೆಸಿಬಿಡು," ಎಂದ ರುಸೋಕೆ.

"ಅಕೀಕಿ ಯಾರು? ಇಲ್ಲಿ ಆ ಹೆಸರಿನವರು ಇಲ್ಲ."

ಕಾರ್ಯದರ್ಶಿ ನಯವಾಗಿ ಶುರುಮಾಡಿದ. "ನೋಡಮ್ಮ, ಅದು ಬರೀ ಹಳೇ ನಕಲು. ನೀನೇ ಎಲ್ಲರದೂ ಒರೆಸ್ತೀಯ, ಊರಿಗೇ ಗೊತ್ತು. ಇದೊಂದು ಯಾಕೆ ಬಿಟ್ಟೆ? ಹೊಸ ತಂತಿ ನಾವು ಹಾಕಿಸಿಕೊಡ್ತೀವಿ. ನೆಟ್ ಬಂದ್ರೆ ಸರಿಯಾದ ಪುಟ ತಾನೇ ಬರತ್ತೆ."

"ಬರತ್ತೆ. ಬಂದು ಹಳೇದರ ಮೇಲೆ ಕೂತ್ಕೊಳ್ಳತ್ತೆ. ಅದಕ್ಕೇ ನಿಮ್ಮ ತಂತಿ ಬೇಡ."

"ಗಂಡಸರ ಮಾತಿನ ಮಧ್ಯೆ ನಿನಗೇನು ಕೆಲಸ, ಕಬಾಲೆಯವಳೇ?" ರುಸೋಕೆ ಕೋಲು ಕುಟ್ಟಿದ. "ಒರೆಸು ಅಂದ್ರೆ ಒರೆಸು!"

"ಒರೆಸಲ್ಲ. ಗಿರಾಕಿ ನೋಡಿದ್ದು ಗಿರಾಕಿಗೆ ಸೇರಿದ್ದು. ಇಷ್ಟು ದಿನ ಒರೆಸಿದ್ದೂ ಅದಕ್ಕೇ, ಈಗ ಒರೆಸದೇ ಇರೋದೂ ಅದಕ್ಕೇ. ಅದರ ಮುಂದೆ ಕೂತಿದ್ದವರು ಇವರು, ಇವರು ಹೇಳ್ಲಿ." ಅವಳು ಅದ್ಯೇರಿಯ ಕಡೆ ತಿರುಗಿದಳು. "ಒರೆಸ್ಲಾ ಅವ್ವಾ?"

ರುಸೋಕೆಯೂ ತಿರುಗಿದ. "ಅತ್ತಿಗೆ, ಯೋಚನೆ ಮಾಡಿ ಮಾತಾಡು. ನಾಳೆ ನಿನ್ನ ಹೆಣ ಹೊರೋರು ನಾವು."

ಅದ್ಯೇರಿ ಬೆಂಚಿನಿಂದ ಎದ್ದಳು. ಮದುವೆಯಾಗಿ ಬಂದಾಗಿನಿಂದ ಈ ಮನೆತನದ ಗಂಡಸಿಗೆ ಎದುರಾಡಿದವಳಲ್ಲ. ಪರದೆಯ ಮೇಲೆ ಟೋಪಿ ಹಾಕಿಕೊಂಡು ನಿಂತವನನ್ನು ಒಮ್ಮೆ ನೋಡಿದಳು.

"ಹೊರೋದು ಬಿಡೋದು ಆಗ ನೋಡ್ಕೊಳ್ಳಿ. ನಾನಿನ್ನೂ ಬದುಕಿದೀನಿ," ಎಂದಳು. "ಒರೆಸ್ಬೇಡ ಕಣೇ."

ಕ್ಯಾರಿಕುಂಡ ಪುಟವನ್ನು ಕಾಗದದ ಮೇಲೂ ಇಳಿಸಿದಳು. ಆದರೆ ಕಾಗದವನ್ನು ಯಾರು ಬೇಕಾದರೂ ಹುಟ್ಟಿಸಬಹುದು ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಶನಿವಾರ ಆ ಕಂಪ್ಯೂಟರನ್ನೇ ಬಿಚ್ಚಿ, ಅದ್ಯೇರಿಯ ಶಾಲಿನಲ್ಲಿ ಸುತ್ತಿ, ಬಾಡಿಗೆಗೆ ಓಡುವ ಎರಡು ಬೋಡಾ ಬೈಕು ಹಿಡಿದರು. ಒಂದರ ಮೇಲೆ ಪರದೆ ಅಪ್ಪಿಕೊಂಡ ಕ್ಯಾರಿಕುಂಡ, ಇನ್ನೊಂದರ ಮೇಲೆ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡ ಅದ್ಯೇರಿ. ಕೆಂಪು ರಸ್ತೆಯ ಹೊಂಡ ಬಂದಾಗಲೆಲ್ಲ ಮುಂದಿನ ಬೈಕಿನಿಂದ ಬೈಗುಳ ಕೇಳುತ್ತಿತ್ತು.

ಎಲೆ ತೂಗುವ ಕೊಟ್ಟಿಗೆಯಲ್ಲಿ ಸಭೆ. ಜನರೇಟರಿಗೆ ತಂತಿ ಸಿಕ್ಕಿಸಿ ಪುಟ ತೆರೆದಾಗ ಗಂಡಸರು ಕುರ್ಚಿಯಲ್ಲೇ ಕೂತರು. ಎಲೆ ಕೀಳುವ ಹೆಂಗಸರು ನುಗ್ಗಿ ಬಂದು ಮುತ್ತಿಕೊಂಡರು.

"ಈ ಹಳೇ ನಕಲೇ ಸತ್ಯ ಅಂತ ಹೇಗೆ ನಂಬೋದು?" ಎಂದ ಕಾರ್ಯದರ್ಶಿ.

"ಸತ್ಯ ಅಂತ ನಾನೆಲ್ಲಿ ಅಂದೆ?" ಕ್ಯಾರಿಕುಂಡ ಸೊಂಟದ ಮೇಲೆ ಕೈಯಿಟ್ಟಳು. "ನಿಮ್ಮ ಪುಟ ಅವತ್ತು ಏನು ಹೇಳ್ತಿತ್ತೋ ಅದು ಇದು. ಆಮೇಲೆ ಯಾರು ಬದಲಿಸಿದ್ರು, ಯಾಕೆ, ಅದನ್ನ ನೀವು ಹೇಳಿ. ಎಲ್ಲೂ ಇರಲೇ ಇಲ್ಲ ಅಂದಿದ್ದು ನೀವು ತಾನೆ?"

ಅವನು ನೀರು ಕುಡಿದ. ಹಿಂದಿನಿಂದ ಒಬ್ಬ ಮುದುಕಿ, "ಆ ಗಿಡ ನೆಟ್ಟಾಗ ನಾನೂ ಇದ್ದೆ, ರುಸೋಕೆ ಆಗ ಕಂಪಾಲಾದಲ್ಲಿ ಬೆಲ್ಟು ಮಾರ್ತಿದ್ದ!" ಎಂದು ಕಿರುಚಿದಳು. ಅಷ್ಟು ದಿನ ಬಾಯಿ ಹೊಲಿದುಕೊಂಡಿದ್ದವರೆಲ್ಲ ಒಮ್ಮೆಲೇ ಮಾತಾಡತೊಡಗಿದರು. ಸಂಜೆಯೊಳಗೆ ಸಹಿಯ ಹಕ್ಕು ಅದ್ಯೇರಿಗೆ ಎಂದಾಯಿತು. ಕೆಳಗಿನ ನೀಲಗಿರಿ ಮರಗಳನ್ನು ಮಾತ್ರ ರುಸೋಕೆ ಬಿಟ್ಟುಕೊಡಲಿಲ್ಲ. ಆ ಜಗಳ ಇನ್ನೂ ನಡೆದಿದೆ.

ಪೆಟ್ಟು ಬಿದ್ದದ್ದು ಕ್ಯಾರಿಕುಂಡಳಿಗೆ. ಅವಳ ಅಂಗಡಿಯಿದ್ದ ಮಳಿಗೆಯ ಮಾಲೀಕ ಕಾರ್ಯದರ್ಶಿಯ ಭಾವ. ರುಸೋಕೆಯ ಮುಂದೆ ಮಂಡಿಯೂರಿ ತಪ್ಪಾಯಿತು ಎಂದರೆ ಇರಬಹುದು, ಇಲ್ಲದಿದ್ದರೆ ಖಾಲಿ ಮಾಡು ಎಂದ. ಅದ್ಯೇರಿ ಹೆದರಿ, "ಒಂದು ಸಲ ಊರಿಬಿಡೇ, ನೆಲ ಏನು ಕಚ್ಚತ್ತಾ?" ಎಂದಳು.

"ನನ್ನ ಮಂಡಿ ನಂದು ಅವ್ವಾ," ಎಂದಳು ಅವಳು, ಪ್ರಿಂಟರಿಗೆ ಹಗ್ಗ ಬಿಗಿಯುತ್ತ.

ಬ್ವೇರಾದ ಕಡೆ, ಕಾಂಗೊ ಗಡಿಯ ಸಂತೆಯಲ್ಲಿ ಒಂದು ಜಗಲಿ ಸಿಕ್ಕಿತ್ತಂತೆ. ಹೊರಟ ದಿನ ದರ್ಜಿಯೂ ಸಾಮಾನು ಎತ್ತಿಕೊಟ್ಟ, ನೆರಳಿನ ಜಾಗ ಗೆದ್ದ ಮುಖ ಮಾಡಿಕೊಳ್ಳದೆ. ಸಂಘದ ಪುಟದಲ್ಲಿ ಅಷ್ಟು ಹೊತ್ತಿಗೆ ಅರಾಲಿ ಮರಳಿ ಬಂದಿದ್ದ. ಅದ್ಯೇರಿ ಬಾಳೆಎಲೆಯಲ್ಲಿ ಕಟ್ಟಿದ ಮತೋಕೆಯನ್ನು, ಬೇಯಿಸಿದ ಬಾಳೆಕಾಯಿಯನ್ನು, ಬಸ್ಸಿನ ಕಿಟಕಿಯಿಂದ ಒಳಗೆ ಕೊಟ್ಟಳು. ಡ್ರೈವರು ಹಾರ್ನು ಒತ್ತಿದ. ಕ್ಯಾರಿಕುಂಡ ಅವನಿಗೆ ತಡಿ ಎಂದು ಗದರಿ, ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ನಾಳೆ ಅವರು ಮತ್ತೆ ನಿಮ್ಮ ಹೆಸರು ತೆಗೆದ್ರೆ, ನಾನಂತೂ ಇರಲ್ಲ, ಹೇಳಿ ಅವ್ವಾ, ಮೊದಲು ಯಾರ ಬಾಗಿಲು ಬಡೀತೀರಿ?"